ಸೀಸದ ಆಕ್ಸಿಕ್ಲೋರೈಡ್ ಖನಿಜಗಳ ಹರಳಿನ ರಚನೆ ಬಿಡಿಸಿ ಓದುವ ಕ್ರಮ: ಸಮಗ್ರ ಮಾರ್ಗದರ್ಶಿ

ಮೆಂಡಿಪೈಟ್‌ನಂಥ ಸೀಸದ ಆಕ್ಸಿಕ್ಲೋರೈಡ್ (ಸೀಸ, ಆಕ್ಸಿಜನ್, ಕ್ಲೋರಿನ್ ಸೇರಿದ) ಖನಿಜದ ರಚನೆಯನ್ನು ಮೊದಲ ಸಲ ಕಂಪ್ಯೂಟರಿನಲ್ಲಿ ತೆರೆದವರಿಗೆ ಕಾಣುವುದು ಬರೀ ಗೋಜಲು. ಸಿಲಿಕೇಟುಗಳಲ್ಲಿ ರೂಢಿಯಾದಂತೆ ಲೋಹವನ್ನು ನಡುವೆ ಇಟ್ಟು ಸುತ್ತ ಬಹುಮುಖಿ ಕಟ್ಟಲು ಹೋದರೆ ಸೀಸ ಮಣಿಯುವುದಿಲ್ಲ. ಒಂದು ಬದಿಗೆ ಸುಮಾರು 2.3 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಎಂದರೆ ಮೀಟರಿನ ಸಾವಿರ ಕೋಟಿಯ ಒಂದು ಭಾಗ) ದೂರದಲ್ಲಿ ಎರಡೋ ನಾಲ್ಕೋ ಆಕ್ಸಿಜನ್ ಇರುತ್ತವೆ; ಇನ್ನೊಂದು ಬದಿಗೆ 3ರಿಂದ 3.5 ಆಂಗ್‌ಸ್ಟ್ರಾಂವರೆಗೆ ಚೆದುರಿದ ಕ್ಲೋರಿನ್. ಎಲ್ಲಿಗೆ ಗೆರೆ ಎಳೆಯಬೇಕೆಂಬುದೇ ತಿಳಿಯುವುದಿಲ್ಲ. ಎರಡು ಧನಾವೇಶದ ಸೀಸದಲ್ಲಿ 6ಎಸ್ ಮಟ್ಟದ ಎಲೆಕ್ಟ್ರಾನುಗಳ ಒಂಟಿ ಜೋಡಿ (ಬಂಧಕ್ಕೆ ಸೇರದ ಎರಡು ಎಲೆಕ್ಟ್ರಾನು) ಹಾಗೆಯೇ ಉಳಿದಿರುತ್ತದೆ. ಅದು ಅಯಾನಿನ ಒಂದು ಮಗ್ಗುಲನ್ನು ಆಕ್ರಮಿಸಿಕೊಳ್ಳುವುದರಿಂದ ಬಲವಾದ ಬಂಧಗಳೆಲ್ಲ ಎದುರು ಮಗ್ಗುಲಿಗೆ ಸೇರುತ್ತವೆ.

ಇದಕ್ಕೆ ಪರಿಹಾರ ನೋಟವನ್ನು ತಿರುಗಿಸುವುದು. ಆಕ್ಸಿಜನ್ನನ್ನು ನಡುವೆ ಇಡಿ, ಸುತ್ತ ನಾಲ್ಕು ಸೀಸ ಇಡಿ. ಈ ಚತುರ್ಮುಖಿ ಅಚ್ಚುಕಟ್ಟಾದದ್ದು, ಗಟ್ಟಿಯಾದದ್ದು, ಖನಿಜದಿಂದ ಖನಿಜಕ್ಕೆ ಹೆಚ್ಚು ಬದಲಾಗದ್ದು. ಹೀಗೆ ನೋಡಿದಾಗ ಇಡೀ ಗುಂಪಿನ ಬಹುಪಾಲು ಒಂದೇ ಮೂಲದಿಂದ ಬಂದದ್ದೆಂದು ಗೊತ್ತಾಗುತ್ತದೆ. ಆ ಮೂಲ, ಸೀಸದ ಕೆಂಪು ಮಾನಾಕ್ಸೈಡ್ ಆದ ಲಿಥಾರ್ಜ್‌ನ ಪದರ. ಆ ಪದರಕ್ಕೆ ಒಟ್ಟಾರೆ ಆವೇಶವಿಲ್ಲ, ಹಾಗಾಗಿ ಅದಕ್ಕೆ ಕ್ಲೋರಿನ್ ಬೇಕಿಲ್ಲ. ಕ್ಲೋರಿನ್ ಒಳಗೆ ಬರಬೇಕಾದರೆ ಪದರ ಧನಾವೇಶ ಪಡೆಯಬೇಕು. ಅದಕ್ಕೆ ಮೂರು ದಾರಿಗಳಿವೆ: ಪದರವನ್ನು ಪಟ್ಟಿಯಾಗಿ ಕತ್ತರಿಸುವುದು, ಕೆಲವು ಸೀಸಗಳ ಜಾಗಕ್ಕೆ ಹೆಚ್ಚು ಆವೇಶದ ಧಾತು ತರುವುದು, ಆಕ್ಸಿಜನ್ ಜಾಗಕ್ಕೆ ಫ್ಲೋರಿನ್ ತರುವುದು. ಯಾವ ಖನಿಜ ಯಾವ ದಾರಿ ಹಿಡಿದಿದೆ ಎಂದು ಅದರ ಸಂಯೋಜನೆ ಮತ್ತು ಕೋಶದ (ಹರಳಿನಲ್ಲಿ ಮತ್ತೆ ಮತ್ತೆ ಬರುವ ಪೆಟ್ಟಿಗೆಯಂಥ ಘಟಕದ) ಅಳತೆಗಳಿಂದಲೇ ಬಹಳ ಮಟ್ಟಿಗೆ ಹೇಳಬಹುದು. ಕೆಳಗಿನ ಹಂತಗಳು ಆ ಲೆಕ್ಕವನ್ನು ಕೈಗೆ ಹತ್ತಿಸಲಿಕ್ಕಾಗಿ.

ಬೇಕಾದ ಸಾಮಾನು

ಹರಳಿನ ರಚನೆ ಬಿಡಿಸಿ ತೋರಿಸುವ ವೆಸ್ಟಾ ಎಂಬ ಉಚಿತ ತಂತ್ರಾಂಶ, ಒಂದು ಎಕ್ಸೆಲ್ ಹಾಳೆ, ಚೌಕುಳಿ ಹಾಳೆ, ಪೆನ್ಸಿಲ್. ರಚನೆಯ ಕಡತಗಳು ಸಿಐಎಫ್ (ಹರಳಿನ ರಚನೆ ಬರೆದಿಡುವ ಪ್ರಮಾಣಿತ ಕಡತ) ರೂಪದಲ್ಲಿ ಕ್ರಿಸ್ಟಲಾಗ್ರಫಿ ಓಪನ್ ಡೇಟಾಬೇಸ್‌ನಲ್ಲೂ ಅಮೆರಿಕನ್ ಮಿನರಾಲಜಿಸ್ಟ್ ಪತ್ರಿಕೆಯ ರಚನಾ ಭಂಡಾರದಲ್ಲೂ ಹಣವಿಲ್ಲದೆ ಸಿಗುತ್ತವೆ. ಮೆಂಡಿಪೈಟ್, ಡಮಾರೈಟ್, ನಡೊರೈಟ್, ಮ್ಯಾಟ್ಲಾಕೈಟ್, ಲಾರಿಯೊನೈಟ್ ಈ ಐದರ ಕಡತ ಇಳಿಸಿಕೊಳ್ಳಿ. ಒಂದೇ ಖನಿಜಕ್ಕೆ ಹಲವು ಕಡತಗಳಿದ್ದರೆ ಈಚಿನದನ್ನು ಆರಿಸಿ. ಹಳೆಯವುಗಳಲ್ಲಿ ಆಕ್ಸಿಜನ್‌ನ ಸ್ಥಾನ ಅಷ್ಟು ನಂಬಿಕೆಗೆ ಅರ್ಹವಲ್ಲ. ಕಾರಣ ಕೊನೆಯ ಭಾಗದಲ್ಲಿದೆ.

ಹಂತ 1: ಲಿಥಾರ್ಜ್ ಅನ್ನು ನೀವೇ ಕಟ್ಟಿ

ಇದಕ್ಕೆ ಸಿದ್ಧ ಕಡತ ಬಳಸಬೇಡಿ, ಕೈಯಾರೆ ತುಂಬಿ. ವೆಸ್ಟಾದ ಫೈಲ್ ಮೆನುವಿನಲ್ಲಿ ನ್ಯೂ ಸ್ಟ್ರಕ್ಚರ್ ಒತ್ತಿ, ಸ್ಪೇಸ್ ಗ್ರೂಪ್ (ಹರಳಿನ ಸಮ್ಮಿತಿಯ ಬಗೆ) ಸಂಖ್ಯೆ 129 ಕೊಡಿ, ಸೆಟ್ಟಿಂಗ್ 1 ಇರಲಿ. ಎ ಅಕ್ಷ 3.976, ಸಿ ಅಕ್ಷ 5.023 ಆಂಗ್‌ಸ್ಟ್ರಾಂ. ಆಕ್ಸಿಜನ್ ಸ್ಥಾನ 0, 0, 0. ಸೀಸದ ಸ್ಥಾನ 0, 0.5, 0.237.

ಎಡವುವುದು ಇಲ್ಲೇ. ಈ ಸ್ಪೇಸ್ ಗ್ರೂಪ್‌ಗೆ ಮೂಲಬಿಂದು ಇಡುವ ಎರಡು ರೂಢಿಗಳಿವೆ. ಸೆಟ್ಟಿಂಗ್ 2 ಆಗಿದ್ದರೆ ಆಕ್ಸಿಜನ್ 0.75, 0.25, 0 ಮತ್ತು ಸೀಸ 0.25, 0.25, 0.237 ಆಗಬೇಕು. ಒಂದರ ಅಂಕಿಗಳನ್ನು ಇನ್ನೊಂದಕ್ಕೆ ಹಾಕಿದರೆ ತಂತ್ರಾಂಶ ತಕರಾರು ಮಾಡುವುದಿಲ್ಲ, ಅಸಂಬದ್ಧ ಚಿತ್ರವೊಂದನ್ನು ಬಿಡಿಸಿ ಸುಮ್ಮನಾಗುತ್ತದೆ. ಕೋಶದೊಳಗಿನ ಪರಮಾಣುಗಳನ್ನು ಎಣಿಸಿ: ಸೀಸ 2, ಆಕ್ಸಿಜನ್ 2. ಅದಕ್ಕಿಂತ ಹೆಚ್ಚು ಬಂದರೆ ಸೆಟ್ಟಿಂಗ್ ತಪ್ಪಿದೆ.

ಈಗ ಎಡಿಟ್ ಮೆನುವಿನ ಬಾಂಡ್ಸ್ ತೆರೆಯಿರಿ. ಎ1 ಎಂಬಲ್ಲಿ ಆಕ್ಸಿಜನ್, ಎ2 ಎಂಬಲ್ಲಿ ಸೀಸ, ಗರಿಷ್ಠ ದೂರ 2.7. ಹುಡುಕುವ ಬಗೆಯಲ್ಲಿ ಎ1ಕ್ಕೆ ಅಂಟಿದ ಎ2 ಎಂಬುದನ್ನು ಆರಿಸಿ. ವೆಸ್ಟಾ ಬಹುಮುಖಿ ಕಟ್ಟುವುದು ಎ1ರ ಸುತ್ತ. ಅದಲುಬದಲಾದರೆ ಸೀಸದ ಪಿರಮಿಡ್ಡುಗಳು ಬರುತ್ತವೆ, ಮತ್ತದೇ ಗೋಜಲು. ಪಾಲಿಹೆಡ್ರಲ್ ಶೈಲಿಗೆ ಬದಲಿಸಿದರೆ ಅಂಚಿಗೆ ಅಂಚು ಹೊಂದಿಸಿದ ಚತುರ್ಮುಖಿಗಳ ಚಪ್ಪಟೆ ಪದರ ಕಾಣಬೇಕು.

ದೂರಗಳನ್ನು ಅಳೆದು ತಾಳೆ ನೋಡಿ. ಆಕ್ಸಿಜನ್‌ನಿಂದ ಸೀಸಕ್ಕೆ 2.32. ಸೀಸದಿಂದ ಸೀಸಕ್ಕೆ ಎರಡು ಬಗೆ: ನಾಲ್ಕು ಅಂಚುಗಳು 3.68, ಎರಡು ಅಂಚುಗಳು 3.98. ಪಕ್ಕದ ಚತುರ್ಮುಖಿಯೊಡನೆ ಹಂಚಿಕೊಂಡಿರುವುದು ಕಿರಿಯ ಅಂಚುಗಳನ್ನೇ. ಚತುರ್ಮುಖಿಗಳ ನಡುವಿರುವ ಆಕ್ಸಿಜನ್‌ಗಳು 2.81 ಆಂಗ್‌ಸ್ಟ್ರಾಂ ಹತ್ತಿರ ಬಂದಿದ್ದು, ಒಂದನ್ನೊಂದು ತಳ್ಳುತ್ತಿವೆ. ಆ ತಳ್ಳಾಟದಲ್ಲಿ ಹಂಚಿಕೆಯಾದ ಅಂಚು ಕುಗ್ಗುತ್ತದೆ. ಈ 2.81 ಎಂಬ ಅಂಕಿ ಮುಂದೆ ಮತ್ತೆ ಬೇಕಾಗುತ್ತದೆ, ಬರೆದಿಟ್ಟುಕೊಳ್ಳಿ.

ಹಂತ 2: ಬಂಧ ವೇಲೆನ್ಸಿ ಲೆಕ್ಕದ ಹಾಳೆ

ಕಡತದಲ್ಲಿ ಆಕ್ಸಿಜನ್ ಎಂದು ಬರೆದಿರುವುದು ನಿಜಕ್ಕೂ ಆಕ್ಸೈಡೋ, ಹೈಡ್ರಾಕ್ಸಿಲ್ಲೋ, ನೀರೋ? ಎಕ್ಸ್-ಕಿರಣಕ್ಕೆ ಹೈಡ್ರೋಜನ್ ಸೀಸದ ಪಕ್ಕದಲ್ಲಿ ಕಾಣುವುದೇ ಇಲ್ಲ. ಹಾಗಾಗಿ ಉತ್ತರವನ್ನು ದೂರಗಳಿಂದಲೇ ತೆಗೆಯಬೇಕು. ಒಂದು ಬಂಧದ ಪಾಲಿಗೆ ಬರುವ ವೇಲೆನ್ಸಿಯೇ ಬಂಧ ವೇಲೆನ್ಸಿ. ಅದರ ಸೂತ್ರ ಸರಳ: 1.963ರಿಂದ ಸೀಸ-ಆಕ್ಸಿಜನ್ ದೂರವನ್ನು ಕಳೆಯಿರಿ, 0.49ರಿಂದ ಭಾಗಿಸಿ, ಬಂದ ಉತ್ತರವನ್ನು ಇ ಸಂಖ್ಯೆಯ ಘಾತವಾಗಿಸಿ. ಎಕ್ಸೆಲ್‌ನ ಘಾತ ಸೂತ್ರ ಸಾಕು. 2.2 ಆಂಗ್‌ಸ್ಟ್ರಾಂಗೆ 0.62 ಬರುತ್ತದೆ, 2.3ಕ್ಕೆ 0.50, 2.4ಕ್ಕೆ 0.41, 2.5ಕ್ಕೆ 0.33, 2.6ಕ್ಕೆ 0.27, 3.0ಕ್ಕೆ 0.12. ಒಂದು ಆಕ್ಸಿಜನ್ನಿನ ಎಲ್ಲ ಬಂಧಗಳ ಮೊತ್ತ 2ರ ಹತ್ತಿರ ಬಂದರೆ ಅದು ಆಕ್ಸೈಡ್. 1.0ರಿಂದ 1.3ರ ಒಳಗೆ ಬಂದರೆ ಹೈಡ್ರಾಕ್ಸಿಲ್. 0.4ಕ್ಕಿಂತ ಕೆಳಗಾದರೆ ನೀರು ಎಂದು ಅನುಮಾನಿಸಿ.

ಈ ಎರಡು ಸ್ಥಿರಾಂಕಗಳನ್ನು 2001ರಲ್ಲಿ ಸೆರ್ಗೈ ಕ್ರಿವೊವಿಚೆವ್ ಮತ್ತು ಡೇವಿಡ್ ಬ್ರೌನ್ ಕೊಟ್ಟರು. ಬಹಳಷ್ಟು ತಂತ್ರಾಂಶಗಳಲ್ಲಿ ಇಂದಿಗೂ ತಾನಾಗಿ ಬರುವುದು ಹಳೆಯ ಜೋಡಿ, 2.112 ಮತ್ತು 0.37. ವ್ಯತ್ಯಾಸ ಎಷ್ಟೆಂದು ಲಿಥಾರ್ಜ್‌ನಲ್ಲೇ ನೋಡಿ. ಅಲ್ಲಿ ಆಕ್ಸಿಜನ್‌ಗೆ 2.317 ಆಂಗ್‌ಸ್ಟ್ರಾಂನ ನಾಲ್ಕು ಬಂಧ. ಹೊಸ ಜೋಡಿಯಿಂದ ಪ್ರತಿಯೊಂದಕ್ಕೆ 0.486, ಮೊತ್ತ 1.94. ಹಳೆಯದರಿಂದ ಪ್ರತಿಯೊಂದಕ್ಕೆ 0.575, ಮೊತ್ತ 2.30. ಆಕ್ಸಿಜನ್ ತನ್ನ ಶಕ್ತಿ ಮೀರಿ ಬಂಧ ಕಟ್ಟಿಕೊಂಡಿದೆ, ಚತುರ್ಮುಖಿ ಹಿಂಡಿಹೋಗಿದೆ ಎಂದೆಲ್ಲ ವ್ಯಾಖ್ಯಾನ ಬರೆಯುವ ಮೊದಲು ಸ್ಥಿರಾಂಕ ಯಾವುದೆಂದು ನೋಡುವುದು ಒಳ್ಳೆಯದು. ಕಿರಿದಾದ, ಬಲವಾದ ಬಂಧಗಳಿಗೆ ಹಳೆಯ ಜೋಡಿ ಹೊಂದುವುದಿಲ್ಲ, ಅಷ್ಟೇ.

ಸೀಸ-ಕ್ಲೋರಿನ್‌ಗೆ 2.53 ಮತ್ತು 0.37 ಬಳಸಿ: 3.0 ಆಂಗ್‌ಸ್ಟ್ರಾಂಗೆ 0.28, 3.1ಕ್ಕೆ 0.21, 3.3ಕ್ಕೆ 0.12, 3.5ಕ್ಕೆ 0.07. ಒಂದೊಂದೂ ಚಿಕ್ಕದೇ, ಆದರೆ ಐದಾರು ಸೇರಿದರೆ ಸೀಸದ ಅರ್ಧ ಲೆಕ್ಕ ತುಂಬುತ್ತದೆ. ವೆಸ್ಟಾದಲ್ಲಿ ಕ್ಲೋರಿನ್ ಬಂಧದ ಮಿತಿಯನ್ನು 3.0ಕ್ಕೆ ಬಿಟ್ಟವರಿಗೆ ಸೀಸದ ಮೊತ್ತ 1.3ರ ಸುತ್ತ ನಿಂತು, ರಚನೆಯೇ ತಪ್ಪೆಂಬ ಭ್ರಮೆ ಹುಟ್ಟುವುದುಂಟು. ಮಿತಿಯನ್ನು 3.6ಕ್ಕೆ ಏರಿಸಿ.

ಹಂತ 3: ಚೌಕುಳಿ ಹಾಳೆಯ ಮೇಲೆ ಪದರ ಬಿಡಿಸಿ, ಕತ್ತರಿಸಿ

ಈ ಹಂತವನ್ನು ಹಾರಿಸಿಕೊಂಡು ಹೋಗುವವರೇ ಹೆಚ್ಚು. ಹಾರಿಸಬೇಡಿ. ಹಾಳೆಯ ಗೆರೆಗಳು ಕೂಡುವ ಪ್ರತಿ ಮೂಲೆಯಲ್ಲಿ ಒಂದು ಚುಕ್ಕೆ ಇಡಿ, ಅದು ಆಕ್ಸಿಜನ್. ಪ್ರತಿ ಚೌಕದ ನಡುವೆ ಒಂದು ಗುರುತು, ಅದು ಸೀಸ. ಚದುರಂಗದ ಮಣೆಯ ಬಿಳಿ-ಕಪ್ಪು ಮನೆಗಳ ಹಾಗೆ ಒಂದು ಚೌಕ ಬಿಟ್ಟು ಒಂದರಲ್ಲಿ ಸೀಸ ಹಾಳೆಯಿಂದ ಮೇಲೆ, ಉಳಿದವುಗಳಲ್ಲಿ ಕೆಳಗೆ. ಮೇಲಿನದಕ್ಕೆ ಕೂಡಿಸು ಚಿಹ್ನೆ, ಕೆಳಗಿನದಕ್ಕೆ ಕಳೆ ಚಿಹ್ನೆ ಹಾಕಿ. ಪ್ರತಿ ಚುಕ್ಕೆಯ ಸುತ್ತ ನಾಲ್ಕು ಚೌಕ, ಅಂದರೆ ನಾಲ್ಕು ಸೀಸ: ಎರಡು ಮೇಲೆ, ಎರಡು ಕೆಳಗೆ. ಅದೇ ಚತುರ್ಮುಖಿ. ಲಿಥಾರ್ಜ್ ಪದರ ಇಷ್ಟೇ. ಚೌಕದ ಬದಿ 2.81 ಆಂಗ್‌ಸ್ಟ್ರಾಂ, ಮೇಲು-ಕೆಳಗು ಪುನರಾವರ್ತನೆಯಾಗಲು ಎರಡು ಚೌಕ ಬೇಕಾದ್ದರಿಂದ ಬದಿಯ ದಿಕ್ಕಿನಲ್ಲಿ ಆವರ್ತ 5.62, ಕರ್ಣದ ದಿಕ್ಕಿನಲ್ಲಿ 3.98.

ಈಗ ಈ ಹಾಳೆಯಿಂದ ಒಂದೇ ಸಾಲು ಚುಕ್ಕೆಗಳಿರುವ ಪಟ್ಟಿಯನ್ನು ಅದರ ಎರಡೂ ಪಕ್ಕದ ಚೌಕಗಳ ಸಮೇತ ಗುರುತಿಸಿ. ಒಂದು ಹೆಜ್ಜೆಗೆ, ಅಂದರೆ ಒಂದು ಚೌಕದ ಉದ್ದಕ್ಕೆ, 1 ಆಕ್ಸಿಜನ್, 2 ಸೀಸ. ಆವೇಶ 4ರಿಂದ 2 ಕಳೆದರೆ +2. ಎರಡು ಸಾಲು ತೆಗೆದುಕೊಂಡರೆ 2 ಆಕ್ಸಿಜನ್, 3 ಸೀಸ. 6ರಿಂದ 4 ಕಳೆದರೆ ಮತ್ತೆ +2. ಮೂರು ಸಾಲಿಗೂ +2. ಪಟ್ಟಿ ಎಷ್ಟು ಅಗಲವಾದರೂ ಆಕ್ಸಿಜನ್ ಸಾಲುಗಳಿಗಿಂತ ಸೀಸದ ಸಾಲು ಒಂದು ಹೆಚ್ಚು, ಹೀಗಾಗಿ ಹೆಜ್ಜೆಗೆ +2 ತಪ್ಪದು. ಈ ಆವೇಶ ಬರುವುದು ಕತ್ತರಿಸಿದ ಎರಡು ಅಂಚುಗಳಿಂದ. ಅದನ್ನು ತೀರಿಸಲು ಕ್ಲೋರಿನ್ ಬರುತ್ತದೆ.

ಒಂದು ಸಾಲಿನ ಪಟ್ಟಿಯನ್ನು ಲ್ಯಾನಾರ್ಕೈಟ್ ಎಂಬ ಸಲ್ಫೇಟಿನಲ್ಲಿ ನೋಡಬಹುದು: 2 ಸೀಸ, 1 ಆಕ್ಸಿಜನ್, 1 ಸಲ್ಫೇಟ್. ಎರಡು ಸಾಲಿನದು ಮೆಂಡಿಪೈಟ್: 3 ಸೀಸ, 2 ಆಕ್ಸಿಜನ್, 2 ಕ್ಲೋರಿನ್. ನಮೀಬಿಯಾದ ಕೊಂಬಾಟ್ ಗಣಿಯ ಡಮಾರೈಟ್‌ನಲ್ಲೂ ಇದೇ ಜೋಡಿ ಸರಪಳಿ, ನಡುವಿನ ಸಂದಿಯಲ್ಲಿ ಮಾತ್ರ ಒಂದು ಕ್ಲೋರಿನ್‌ನ ಜಾಗಕ್ಕೆ ಹೈಡ್ರಾಕ್ಸಿಲ್. ಮೆಂಡಿಪ್ ಬೆಟ್ಟಗಳ ಹಸಿರು ಕ್ಲೋರಾಕ್ಸಿಫೈಟ್‌ನಲ್ಲೂ ಅದೇ. ಅಲ್ಲಿ ಸಂದಿ ತುಂಬಿರುವುದು ಒಂದು ತಾಮ್ರ, ಎರಡು ಹೈಡ್ರಾಕ್ಸಿಲ್, ಎರಡು ಕ್ಲೋರಿನ್ ಸೇರಿದ −2 ಆವೇಶದ ಭಾಗ. ಕೂಡಿಸಿ ನೋಡಿ, ಲೆಕ್ಕ ಸರಿಹೋಗುತ್ತದೆ.

ಹಂತ 4: ಮೆಂಡಿಪೈಟ್ ಕಡತದೊಡನೆ ತಾಳೆ

ಈ ಖನಿಜಕ್ಕೆ ಹೆಸರು ಕೊಟ್ಟದ್ದು ಇಂಗ್ಲೆಂಡಿನ ಸೋಮರ್‌ಸೆಟ್‌ನ ಮೆಂಡಿಪ್ ಬೆಟ್ಟಸಾಲು. ಅಲ್ಲಿನ ಮೀರ್‌ಹೆಡ್ ಕಲ್ಲುಗಣಿಯಲ್ಲಿ ಸುಣ್ಣಕಲ್ಲಿನ ನಡುವಿನ ಮ್ಯಾಂಗನೀಸ್ ಗಡ್ಡೆಗಳೊಳಗೆ ಈ ಗುಂಪಿನ ಹಲವಾರು ಖನಿಜಗಳು ಸಿಕ್ಕಿವೆ. ಮೆಂಡಿಪೈಟ್‌ನ ಸ್ಪೇಸ್ ಗ್ರೂಪ್ ಸಂಖ್ಯೆ 62; ಅಕ್ಷಗಳು ಸುಮಾರು 11.9, 5.8, 9.5 ಆಂಗ್‌ಸ್ಟ್ರಾಂ. ಕಡತ ತೆರೆದ ಕೂಡಲೇ ಎರಡು ಪರೀಕ್ಷೆ ಮಾಡಿ.

ಮೊದಲನೆಯದು ಎಣಿಕೆ. ಬೇರೆ ಬೇರೆ ಸೀಸದ ಸ್ಥಾನಗಳು 3, ಪ್ರತಿಯೊಂದೂ ಕನ್ನಡಿ ತಲದ ಮೇಲೆ ಕೂತು 4 ಸಲ ಪುನರಾವರ್ತನೆಯಾಗುತ್ತದೆ, ಒಟ್ಟು 12. ಆಕ್ಸಿಜನ್ ಸ್ಥಾನ ಒಂದೇ, ಸಾಮಾನ್ಯ ಜಾಗದಲ್ಲಿದ್ದು 8 ಸಲ. ಕ್ಲೋರಿನ್ ಸ್ಥಾನ 2, ತಲಾ 4, ಒಟ್ಟು 8. ಹನ್ನೆರಡು, ಎಂಟು, ಎಂಟು: 3, 2, 2ರ ಅನುಪಾತದ ನಾಲ್ಕು ಪಟ್ಟು. ಎರಡನೆಯದು ಸಾಂದ್ರತೆ. ಕೋಶದ ಗಾತ್ರ ಸುಮಾರು 654 ಘನ ಆಂಗ್‌ಸ್ಟ್ರಾಂ, ಸೂತ್ರಭಾರ 724.5; ಲೆಕ್ಕದ ಸಾಂದ್ರತೆ ಘನ ಸೆಂಟಿಮೀಟರಿಗೆ 7.36 ಗ್ರಾಂ ಹತ್ತಿರ. ನಿಜವಾದ ಹರಳುಗಳನ್ನು ಅಳೆದಾಗ 7.0ರಿಂದ 7.2 ಸಿಗುತ್ತದೆ, ಬಿರುಕು ಮತ್ತು ಕಲಬೆರಕೆಗಳಿಂದಾಗಿ. ಲೆಕ್ಕ 6ಕ್ಕೋ 9ಕ್ಕೋ ಹೋದರೆ ಅಂಕಿ ತುಂಬುವಾಗ ಏನೋ ತಪ್ಪಾಗಿದೆ.

ಈಗ ಆಕ್ಸಿಜನ್ನಿನ ಸುತ್ತ ಚತುರ್ಮುಖಿ ಕಟ್ಟಿ, ಬಿ ಅಕ್ಷದ ಉದ್ದಕ್ಕೆ ನೋಡಿ. ಗಡಿಯಲ್ಲಿ ಚತುರ್ಮುಖಿಗಳು ಅರ್ಧಂಬರ್ಧ ಕತ್ತರಿಸಿದಂತೆ ಕಂಡರೆ ಬೌಂಡರಿ ಮೋಡ್‌ನಲ್ಲಿ ಎ1 ಒಳಗಿದ್ದರೆ ಹೊರಗಿನ ಎ2 ಅನ್ನೂ ಹುಡುಕುವ ಆಯ್ಕೆಯನ್ನು ಒತ್ತಿ. ನೀವು ಹಾಳೆಯ ಮೇಲೆ ಬಿಡಿಸಿದ ಎರಡು ಸಾಲಿನ ಪಟ್ಟಿಯೇ ಬಿ ಅಕ್ಷದ ಗುಂಟ ಓಡುತ್ತಿರುತ್ತದೆ, ಕೋಶಕ್ಕೆ ಎರಡು ಪಟ್ಟಿ. ಪ್ರತಿ ಚತುರ್ಮುಖಿ ಮೂರು ಅಂಚುಗಳನ್ನು ಹಂಚಿಕೊಂಡಿದೆ: ಹಿಂದಿನದರೊಡನೆ ಒಂದು, ಮುಂದಿನದರೊಡನೆ ಒಂದು, ಪಕ್ಕದ ಸಾಲಿನದರೊಡನೆ ಒಂದು.

ಮೂರು ಸೀಸಗಳು ಒಂದೇ ತರಹ ಅಲ್ಲ ಎಂಬುದನ್ನು ಗಮನಿಸಿ. ಪಟ್ಟಿಯ ನಡುಸಾಲಿನ ಸೀಸಕ್ಕೆ ನಾಲ್ಕು ಆಕ್ಸಿಜನ್, ನಾಲ್ಕೂ ಒಂದೇ ಬದಿಗೆ. ಅದರ 2 ವೇಲೆನ್ಸಿಯ ಬಹುಪಾಲು ಅಲ್ಲೇ ಮುಗಿಯುವುದರಿಂದ ಕ್ಲೋರಿನ್‌ಗಳು ಅದರಿಂದ ದೂರ ಸರಿಯುತ್ತವೆ, ಒಂಟಿ ಜೋಡಿ ಪಟ್ಟಿಯಿಂದ ಹೊರಮುಖವಾಗಿ ನಿಲ್ಲುತ್ತದೆ. ಪಟ್ಟಿಯ ಎರಡು ಅಂಚಿನ ಸೀಸಗಳಿಗೆ ಎರಡೆರಡೇ ಆಕ್ಸಿಜನ್, ಅಂದರೆ ಸುಮಾರು 1 ವೇಲೆನ್ಸಿ. ಉಳಿದ 1 ಕ್ಲೋರಿನ್‌ಗಳಿಂದಲೇ ಬರಬೇಕು. ಪಟ್ಟಿಗಳನ್ನು ಒಂದಕ್ಕೊಂದು ಕಟ್ಟಿರುವುದು ಈ ಬಲಹೀನ ಬಂಧಗಳು. ಮೆಂಡಿಪೈಟ್ ನಾರುನಾರಾಗಿ, ಉದ್ದುದ್ದವಾಗಿ ಸೀಳುವುದು, ಮತ್ತು ಸೀಳುವಾಗ ಪಟ್ಟಿಗಳು ಮುರಿಯದಿರುವುದು ಇದರಿಂದಲೇ.

ಹಂತ 5: ಅಕ್ಷದ ಅಳತೆಯಿಂದಲೇ ಗುಂಪು ಊಹಿಸುವುದು

ಲಿಥಾರ್ಜ್‌ನಲ್ಲಿ 5.62 ಇದ್ದ ಆವರ್ತ, ಪಟ್ಟಿ ಕತ್ತರಿಸಿ ಬಿಡಿಯಾದಾಗ ಸ್ವಲ್ಪ ಹಿಗ್ಗುತ್ತದೆ. ಲ್ಯಾನಾರ್ಕೈಟ್‌ನಲ್ಲಿ 5.70, ಮೆಂಡಿಪೈಟ್‌ನಲ್ಲಿ 5.8, ಸ್ವೀಡನ್ನಿನ ಲಾಂಗ್‌ಬಾನ್ ಗಣಿಯ ಬ್ಲಿಕ್ಸೈಟ್‌ನಲ್ಲಿ 5.84. ಆದ್ದರಿಂದ ಹೊಸ ಸೀಸದ ಆಕ್ಸಿಕ್ಲೋರೈಡ್ ಒಂದರ ಕೋಶದಲ್ಲಿ ಒಂದೇ ಒಂದು ಅಕ್ಷ 5.7ರಿಂದ 5.85ರ ಒಳಗಿದ್ದು ಉಳಿದವು ಬೇರೆಯಾಗಿದ್ದರೆ ಆ ದಿಕ್ಕಿನಲ್ಲಿ ಚತುರ್ಮುಖಿಗಳ ಸಾಲುಗಳನ್ನು ಹುಡುಕಿ. ಎರಡು ಲಂಬ ಅಕ್ಷಗಳು 5.4ರಿಂದ 5.7ರ ಒಳಗಿದ್ದರೆ, ಅಥವಾ ಎರಡು ಸಮಾನ ಅಕ್ಷಗಳು 3.9ರಿಂದ 4.1ರ ಒಳಗಿದ್ದರೆ, ಕತ್ತರಿಸದ ಪೂರ್ಣ ಪದರ ಇರುವ ಸಂಭವ ಹೆಚ್ಚು.

4.0 ಕಂಡ ಕೂಡಲೇ ಪದರ ಎಂದುಬಿಡಬೇಡಿ. ಗ್ರೀಸಿನ ಲಾರಿಯಂನಲ್ಲಿ ಪ್ರಾಚೀನರು ಬೆಳ್ಳಿ ತೆಗೆದು ಎಸೆದ ಸೀಸದ ಕಿಟ್ಟ ಸಮುದ್ರದ ನೀರಿನೊಡನೆ ಬೆರೆತು ಹುಟ್ಟಿದ ಲಾರಿಯೊನೈಟ್‌ನ ಬಿ ಅಕ್ಷ 4.02. ಅದರ ಸಂಯೋಜನೆ 1 ಸೀಸ, 1 ಕ್ಲೋರಿನ್, 1 ಹೈಡ್ರಾಕ್ಸಿಲ್. ಅಲ್ಲಿ ಆಕ್ಸಿಜನ್ ಸುತ್ತ ಮೂರೇ ಸೀಸ, ದೂರ 2.4ರಿಂದ 2.5. ಸರಾಸರಿ 2.45 ಎಂದರೆ ಒಂದಕ್ಕೆ 0.37, ಮೂರಕ್ಕೆ 1.11. ಇದು ಹೈಡ್ರಾಕ್ಸಿಲ್, ಚತುರ್ಮುಖಿಯ ಮಾತೇ ಇಲ್ಲ. ಅದೇ ಸಂಯೋಜನೆಯ ಇನ್ನೊಂದು ರೂಪ ಪ್ಯಾರಾಲಾರಿಯೊನೈಟ್, ಮಾನೊಕ್ಲಿನಿಕ್ (ಕೋಶದ ಒಂದು ಕೋನ ಓರೆಯಾದದ್ದು). ಹಂತ 2ರ ಹಾಳೆ ಇಲ್ಲದೆ ಇವುಗಳ ತಂಟೆಗೆ ಹೋಗಬಾರದು.

ಹಂತ 6: ಬದಲಿಕೆಯಾದ ಪದರಗಳ ಲೆಕ್ಕ

ಪದರವನ್ನು ಕತ್ತರಿಸದೆ ಆವೇಶ ತರುವ ದಾರಿ ಇದು. ಕ್ರಮ ಹೀಗೆ: ಕ್ಲೋರಿನ್ ಮತ್ತು ನೀರನ್ನು ಪಕ್ಕಕ್ಕಿಡಿ. ಉಳಿದ ಧನ ಅಯಾನುಗಳನ್ನೆಲ್ಲ ಕೂಡಿಸಿ, ಆಕ್ಸಿಜನ್‌ಗಳನ್ನೆಲ್ಲ ಕೂಡಿಸಿ, ಸಲ್ಫೇಟ್ ಸಿಲಿಕೇಟ್‌ಗಳೊಳಗಿನದನ್ನೂ ಬಿಡದೆ. ಎರಡೂ ಸಂಖ್ಯೆ ಸಮವಾದರೆ ಬದಲಿಕೆಯಾದ ಪೂರ್ಣ ಪದರವೇ ಇರಬಹುದು.

ಅಲ್ಜೀರಿಯಾದ ನಡೊರ್ ಬೆಟ್ಟದ ನಡೊರೈಟ್: 1 ಸೀಸ, 1 ಆಂಟಿಮನಿ, 2 ಆಕ್ಸಿಜನ್, 1 ಕ್ಲೋರಿನ್. ಧನ ಅಯಾನು 2, ಆಕ್ಸಿಜನ್ 2. ಆವೇಶ 2 ಮತ್ತು 3 ಕೂಡಿ 5, ಅದರಿಂದ 4 ಕಳೆದರೆ +1, ಒಂದು ಕ್ಲೋರಿನ್. ಆಂಟಿಮನಿಯ ಜಾಗದಲ್ಲಿ ಬಿಸ್ಮತ್ ಇದ್ದರೆ ಅದು ಪೆರೈಟ್.

ಆಸಿಸೈಟ್ ಇದಕ್ಕಿಂತ ಸ್ವಾರಸ್ಯದ್ದು. ಮಾದರಿ ಸಂಯೋಜನೆ 7 ಸೀಸ, 1 ಸಿಲಿಕಾನ್, 8 ಆಕ್ಸಿಜನ್, 2 ಕ್ಲೋರಿನ್. ಎಂಟಕ್ಕೆ ಎಂಟು. ಆವೇಶ 14 ಮತ್ತು 4 ಕೂಡಿ 18, ಅದರಿಂದ 16 ಕಳೆದರೆ +2, ಎರಡು ಕ್ಲೋರಿನ್. ಎಂಟು ಸೀಸಗಳಲ್ಲಿ ಒಂದರ ಜಾಗಕ್ಕೆ ಸಿಲಿಕಾನ್ ಬಂದಿದೆ. ಇದರ ಸರಾಸರಿ ಕೋಶದ ಅಕ್ಷಗಳು 3.90 ಮತ್ತು 22.8. ಆ 22.8ರ ಅರ್ಧ 11.4 ಎಲ್ಲಿಂದ ಬಂತು? ಲಿಥಾರ್ಜ್‌ನಲ್ಲಿ ಪದರದಿಂದ ಪದರಕ್ಕೆ 5.0, ಕ್ಲೋರಿನ್ ಹಾಸು ನಡುವೆ ಬಂದಾಗ ಪದರದಿಂದ ಪದರಕ್ಕೆ ಸುಮಾರು 6.4. ಎರಡನ್ನೂ ಕೂಡಿಸಿದರೆ 11.4. ಎರಡು ಪದರ ನೇರವಾಗಿ ಮುಖಾಮುಖಿ, ಆಮೇಲೆ ಒಂದು ಕ್ಲೋರಿನ್ ಹಾಸು ಎಂಬ ಜೋಡಣೆಯನ್ನು ಸಿ ಅಕ್ಷವೇ ಹೇಳುತ್ತಿದೆ.

ಮೀರ್‌ಹೆಡ್‌ನ ಸೈಮ್ಸೈಟ್ 2000ದಲ್ಲಿ ವರದಿಯಾಯಿತು: 10 ಸೀಸ, 1 ಸಲ್ಫೇಟ್, 7 ಆಕ್ಸಿಜನ್, 4 ಕ್ಲೋರಿನ್, 1 ನೀರು. ಧನ ಅಯಾನುಗಳು 10 ಮತ್ತು 1, ಒಟ್ಟು 11. ಆಕ್ಸಿಜನ್ 7 ಮತ್ತು 4, ಅದೂ 11. ಹನ್ನೊಂದು ಸೀಸಗಳಲ್ಲಿ ಒಂದರ ಜಾಗದಲ್ಲಿ ಗಂಧಕ. ಆವೇಶ 20 ಮತ್ತು 6 ಕೂಡಿ 26, ಅದರಿಂದ 22 ಕಳೆದರೆ +4, ನಾಲ್ಕು ಕ್ಲೋರಿನ್. ಸಲ್ಫೇಟನ್ನು ಪದರದ ಆಚೆಗಿನ ಅತಿಥಿಯೆಂದು ಬಗೆದು ಕೂತರೆ ಈ ಹೊಂದಾಣಿಕೆ ಕಾಣುವುದೇ ಇಲ್ಲ.

ಹಾಗೆಂದು ಎಲ್ಲವೂ ಇಷ್ಟು ಸಲೀಸಲ್ಲ. ಮೀರ್‌ಹೆಡೈಟ್‌ನ ಸಂಯೋಜನೆಯಲ್ಲಿ 47 ಸೀಸ, 24 ಆಕ್ಸಿಜನ್, 13 ಹೈಡ್ರಾಕ್ಸಿಲ್, 25 ಕ್ಲೋರಿನ್, 2 ಬೋರೇಟ್, 1 ಕಾರ್ಬೋನೇಟ್. ಧನ 94, ಋಣ 94, ಲೆಕ್ಕವೇನೋ ಕೂಡುತ್ತದೆ. ಆದರೆ ಧನ ಅಯಾನು 50, ಆಕ್ಸಿಜನ್ 46, ಸಮವಿಲ್ಲ. ಪದರದಲ್ಲಿ ಬದಲಿಕೆಯೂ ಇದೆ, ಖಾಲಿ ಜಾಗವೂ ಇದೆ. ಕಲಿಕೆಗೆ ಇದನ್ನು ಕೊನೆಗೆ ಇಟ್ಟುಕೊಳ್ಳಿ.

ಹಂತ 7: ಫ್ಲೋರಿನ್ ಬಲೆ

ಇಂಗ್ಲೆಂಡಿನ ಡರ್ಬಿಶೈರ್‌ನ ಮ್ಯಾಟ್ಲಾಕೈಟ್ ಕಡತ ತೆರೆಯಿರಿ. ಸ್ಪೇಸ್ ಗ್ರೂಪ್ ಮತ್ತೆ 129, ಎ ಅಕ್ಷ 4.11, ಸಿ 7.25. ಚಿತ್ರ ಲಿಥಾರ್ಜ್ ಪದರದ ತದ್ರೂಪ, ನಡುವೆ ಕ್ಲೋರಿನ್. ಆದರೆ ಚತುರ್ಮುಖಿಯ ನಡುವಿನ ಪರಮಾಣುವಿನಿಂದ ಸೀಸಕ್ಕೆ ದೂರ 2.54. ಅದು ಆಕ್ಸಿಜನ್ ಎಂದು ಇಟ್ಟುಕೊಂಡು ಲೆಕ್ಕ ಹಾಕಿದರೆ ಒಂದಕ್ಕೆ 0.31, ನಾಲ್ಕಕ್ಕೆ 1.23 ಮಾತ್ರ. ಆಕ್ಸೈಡ್ ಆಗಲಾರದು, ಒಂದು ಋಣಾವೇಶದ್ದೇ ಆಗಬೇಕು. ಅಲ್ಲಿರುವುದು ಫ್ಲೋರಿನ್. ಆಕ್ಸೈಡ್ ಮತ್ತು ಫ್ಲೋರೈಡ್ ಎರಡರಲ್ಲೂ ಹತ್ತೇ ಎಲೆಕ್ಟ್ರಾನುಗಳಿರುವುದರಿಂದ ಎಕ್ಸ್-ಕಿರಣ ಇವೆರಡನ್ನು ಬೇರ್ಪಡಿಸುವುದಿಲ್ಲ. ಬೇರ್ಪಡಿಸುವುದು ಬಂಧದ ದೂರ ಮತ್ತು ರಾಸಾಯನಿಕ ವಿಶ್ಲೇಷಣೆ.

ಎರಡೂ ಬೆರೆತಿರುವ ಉದಾಹರಣೆಯೂ ಉಂಟು. ಮೀರ್‌ಹೆಡ್‌ನದೇ ಆದ ರಮ್ಸೈಟ್‌ನಲ್ಲಿ 2 ಸೀಸ, 1 ಆಕ್ಸಿಜನ್, 1 ಫ್ಲೋರಿನ್, 1 ಕ್ಲೋರಿನ್. ಎ ಅಕ್ಷ 4.07, ಲಿಥಾರ್ಜ್‌ನ 3.98ಕ್ಕೂ ಮ್ಯಾಟ್ಲಾಕೈಟ್‌ನ 4.11ಕ್ಕೂ ನಡುವೆ. ಇಂಥಲ್ಲಿ ವೇಲೆನ್ಸಿ ಮೊತ್ತ 1.5ರ ಸುತ್ತ ಬಂದರೆ ದತ್ತಾಂಶ ಕೆಟ್ಟಿದೆ ಎನ್ನುವ ಮೊದಲು ಮಿಶ್ರಣವಿರಬಹುದೇ ಎಂದು ಕೇಳಿ.

ಹರಳೇ ಕೈಯಲ್ಲಿದ್ದರೆ

ಸೀಸದ ಖನಿಜದ ಎಕ್ಸ್-ಕಿರಣ ದತ್ತಾಂಶ ಹಾಳಾಗುವುದು ಹೆಚ್ಚಾಗಿ ಹೀರಿಕೆಯಿಂದ. ಮೆಂಡಿಪೈಟ್‌ನ ಹೀರಿಕೆಯ ಗುಣಾಂಕ ಮಾಲಿಬ್ಡಿನಂ ವಿಕಿರಣಕ್ಕೆ ಮಿಲಿಮೀಟರಿಗೆ 78ರ ಸುಮಾರು. 13 ಮೈಕ್ರಾನ್ ದಾಟುವಷ್ಟರಲ್ಲಿ ಕಿರಣ ಮೂರನೇ ಒಂದರ ಆಸುಪಾಸಿಗೆ ಇಳಿಯುತ್ತದೆ. 50 ಮೈಕ್ರಾನ್ ದಾಟಿದರೆ ಉಳಿಯುವುದು ನೂರಕ್ಕೆ ಎರಡು. ಹಾಗಾಗಿ ದೊಡ್ಡ ಚೆಂದದ ಹರಳಿನ ಆಸೆ ಬಿಡಿ. ಯಾವ ಬದಿಯೂ 30-40 ಮೈಕ್ರಾನ್ ಮೀರದ, ಆದಷ್ಟು ಉರುಟಾದ ಚೂರನ್ನು ಸೂಕ್ಷ್ಮದರ್ಶಕದ ಕೆಳಗೆ ಆರಿಸಿ. ಸೂಜಿಯಂಥ ಚೂರು ಸಿಕ್ಕರೆ ಮುಖಗಳನ್ನು ಅಳೆದು, ಸೂಚ್ಯಂಕ ಕೊಟ್ಟು ಮಾಡುವ ಸಂಖ್ಯಾತ್ಮಕ ತಿದ್ದುಪಡಿ ಅಗತ್ಯ. ಮಲ್ಟಿಸ್ಕ್ಯಾನ್ (ಒಂದೇ ಪ್ರತಿಫಲನವನ್ನು ಹಲವು ಕೋನಗಳಿಂದ ಅಳೆದು ಹೋಲಿಸುವ ತಿದ್ದುಪಡಿ) ಒಂದರ ಮೇಲೇ ಭಾರ ಹಾಕಬಾರದು. ಬೆಳ್ಳಿಯ ಎಕ್ಸ್-ಕಿರಣ ಕೊಳವೆಯ ಉಪಕರಣ ಸಿಕ್ಕರೆ ಬಿಡಬೇಡಿ. ಹೀರಿಕೆ ಸುಮಾರು 43ಕ್ಕೆ ಇಳಿಯುತ್ತದೆ.

ತಿದ್ದುಪಡಿ ಸರಿಯಾಗಿಲ್ಲ ಎಂಬುದರ ಕುರುಹು ಸೀಸದ ಮಗ್ಗುಲಲ್ಲೇ ಕಾಣಿಸಿಕೊಳ್ಳುತ್ತದೆ. ಉಳಿಕೆ ನಕ್ಷೆಯಲ್ಲಿ (ಲೆಕ್ಕಕ್ಕೆ ಸಿಗದೆ ಉಳಿದ ಎಲೆಕ್ಟ್ರಾನ್ ಸಾಂದ್ರತೆಯ ನಕ್ಷೆ) ಸೀಸದಿಂದ 0.7ರಿಂದ 1 ಆಂಗ್‌ಸ್ಟ್ರಾಂ ದೂರದಲ್ಲಿ ಎತ್ತರದ ಶಿಖರಗಳು, ಜೊತೆಗೆ ಆಕ್ಸಿಜನ್ನಿನ ಕಂಪನದ ಅಳತೆಗಳು ಋಣವಾಗುವುದು ಅಥವಾ ಚಪ್ಪಟೆಯಾಗುವುದು. ಆ ಶಿಖರಗಳಿಗೆ ಪರಮಾಣುವಿನ ಹೆಸರು ಕೊಡಬೇಡಿ, ಅಷ್ಟು ಹತ್ತಿರ ಯಾವುದೂ ಕೂರುವುದಿಲ್ಲ. ಸೀಸದಲ್ಲಿ 82 ಎಲೆಕ್ಟ್ರಾನು, ಆಕ್ಸಿಜನ್‌ನಲ್ಲಿ 8. ವರ್ಗ ಮಾಡಿ ಹೋಲಿಸಿದರೆ ನೂರಕ್ಕೆ ಒಂದು. ಹಳೆಯ ಕಡತಗಳ ಆಕ್ಸಿಜನ್ ಸ್ಥಾನವನ್ನು ಅನುಮಾನಿಸಬೇಕಾದ್ದು ಇದಕ್ಕೇ. ದೂರದಲ್ಲಿ 0.02 ಆಂಗ್‌ಸ್ಟ್ರಾಂ ತಪ್ಪಿದರೆ ಆ ಬಂಧದ ವೇಲೆನ್ಸಿ ನೂರಕ್ಕೆ ನಾಲ್ಕರಷ್ಟು ಪಲ್ಲಟವಾಗುತ್ತದೆ. ಹಾಗಾಗಿ ಮೊತ್ತ 1.94 ಮತ್ತು 2.00ರ ನಡುವಿನ ವ್ಯತ್ಯಾಸಕ್ಕೆ ಅರ್ಥ ಹುಡುಕುವುದು ವ್ಯರ್ಥ.

ಬದಲಿಕೆಯಾದ ಪದರದ ಖನಿಜಗಳಲ್ಲಿ ಇನ್ನೊಂದು ಮೋಸವಿದೆ. ಬಲವಾದ ಪ್ರತಿಫಲನಗಳನ್ನಷ್ಟೇ ಹಿಡಿದ ತಂತ್ರಾಂಶ 3.9 ಆಂಗ್‌ಸ್ಟ್ರಾಂನ ಚಿಕ್ಕ ಕೋಶವನ್ನು ಸಂತೋಷದಿಂದ ಕೊಡುತ್ತದೆ. ಸಿಲಿಕಾನ್ ಯಾವ ಸೀಸದ ಜಾಗದಲ್ಲಿ ಕೂತಿದೆ ಎಂಬ ಮಾಹಿತಿ ಇರುವುದು ನಡುನಡುವಿನ ಬಲಹೀನ ಚುಕ್ಕೆಗಳಲ್ಲಿ. ಆಸಿಸೈಟ್‌ನ ವಿಷಯದಲ್ಲಿ ಆಗಿದ್ದೂ ಇದೇ: ಮೊದಲು ಸರಾಸರಿ ಕೋಶ, ಸೀಸ-ಸಿಲಿಕಾನ್ ಕ್ರಮ ತೋರಿಸುವ ದೊಡ್ಡ ಕೋಶ ತಿಳಿದದ್ದು 2004ರಲ್ಲಿ. ಒಡ್ಡಿಕೆಯ ಸಮಯ ಹೆಚ್ಚಿಸಿ, ಪೂರ್ಣ ಪ್ರತಿಫಲನ ನಕ್ಷೆಯ ಚಿತ್ರಗಳನ್ನು ಕಣ್ಣಾರೆ ನೋಡಿ, ಆಮೇಲೆ ಕೋಶ ಒಪ್ಪಿಕೊಳ್ಳಿ.

ಪುಡಿ ಮಾದರಿಯಾದರೆ ಸೀಳುವ ಗುಣದಿಂದ ಚೂರುಗಳು ಒಂದೇ ಭಂಗಿಯಲ್ಲಿ ಮಲಗಿ ಕೆಲವು ಶಿಖರಗಳನ್ನು ಉಬ್ಬಿಸುತ್ತವೆ. ಮಾದರಿಯನ್ನು ಹಿಂಬದಿಯಿಂದ ತುಂಬಿ, ಮುಂಭಾಗವನ್ನು ಗಾಜಿನಿಂದ ಒತ್ತಿ ನಯ ಮಾಡಬೇಡಿ. ಒಣ ಅರೆಯುವಿಕೆ ಬೇಡವೇ ಬೇಡ: ಸೀಸದ ಧೂಳು ಉಸಿರಿಗೆ ಹೋಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಅಗೇಟ್ ಖಲದಲ್ಲಿ ಅರೆಯಿರಿ, ನೈಟ್ರೈಲ್ ಕೈಗವಸು ಹಾಕಿ, ಒರೆಸಿದ ಕಾಗದವನ್ನೂ ಸೀಸದ ತ್ಯಾಜ್ಯದ ಡಬ್ಬಿಗೇ ಹಾಕಿ.

ಹೈಡ್ರೋಜನ್ ಎಲ್ಲಿದೆ ಎಂದು ನೇರವಾಗಿ ನೋಡಲೇಬೇಕಾದರೆ ನ್ಯೂಟ್ರಾನ್ ಬೇಕು. ಅದಕ್ಕೆ ಸೀಸದ ಚೆದುರಿಸುವ ಬಲ 9.4 ಫೆಮ್ಟೋಮೀಟರ್, ಆಕ್ಸಿಜನ್ನಿನದು 5.8, ಹೈಡ್ರೋಜನ್ನಿನದು −3.7; ಎಲ್ಲವೂ ಒಂದೇ ಅಳತೆಗೋಲಿನೊಳಗೆ ಬರುತ್ತವೆ. ಮಿಲಿಮೀಟರ್ ಗಾತ್ರದ ಹರಳು ಅಥವಾ ಗ್ರಾಂಗಟ್ಟಲೆ ಪುಡಿ ಬೇಕಾಗುವುದರಿಂದ ನೈಸರ್ಗಿಕ ಮಾದರಿಗಳಲ್ಲಿ ಇದು ಅಪರೂಪ. ಪ್ರಯೋಗಾಲಯದಲ್ಲಿ ಬೆಳೆಸುವುದಾದರೆ ನೀರಿನ ಬದಲು ಭಾರಜಲ ಬಳಸಿ. ಸಾಧಾರಣ ಹೈಡ್ರೋಜನ್ ಹಿನ್ನೆಲೆಯ ಗದ್ದಲ ಎಬ್ಬಿಸುತ್ತದೆ, ಡ್ಯೂಟೀರಿಯಂ ಎಬ್ಬಿಸುವುದಿಲ್ಲ. ಅದಿಲ್ಲದವರಿಗೆ ಅವಗೆಂಪು ರೋಹಿತದಲ್ಲಿ ಸೆಂಟಿಮೀಟರಿಗೆ 3400ರಿಂದ 3600 ಅಲೆಗಳ ನಡುವಿನ ಪಟ್ಟೆ ಮತ್ತು ವೇಲೆನ್ಸಿ ಮೊತ್ತ ಇವೆರಡೇ ಸಾಕ್ಷಿ. ಎರಡೂ ಒಂದೇ ಮಾತು ಹೇಳಿದರೆ ಸಂಯೋಜನೆಯಲ್ಲಿ ಹೈಡ್ರಾಕ್ಸಿಲ್ ಬರೆಯಬಹುದು.